ಕೇಳಿ ತೋಡಿದ ಬಾವಿ

ಸೀತಕ್ಕನನ್ನು ನಾನು ಬೈದದ್ದು ಒಂದೇ ಸಲ, ಅದೂ ಕೋರ್ಟಿನ ಮೆಟ್ಟಿಲ ಮೇಲೆ. ಅವರ ಕೇಸು ಹಿಡಿದ ವಕೀಲರ ಗುಮಾಸ್ತ ನಾನು. ಬೈದು ಏನೂ ಪ್ರಯೋಜನವಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೈಂದೂರಿನ ಕಡಲ ಕರೆಯಲ್ಲಿದ್ದ ಅವರ ಮನೆಯನ್ನು ಮೂವತ್ತು ವರ್ಷದ ಹಿಂದೆ ಕಡಲು ಕೊರೆದು ಒಯ್ದಿತ್ತು. ಸೀತಕ್ಕ ಗುಡ್ಡದ ಊರುಗಳಿಗೆ ಮೀನು ಹೊತ್ತು ಮಾರುತ್ತಿದ್ದವರು. ಸುದ್ದಿ ಕೇಳಿದ, ಅಲ್ಲಿನ ಜಮೀನಿನ ಧಣಿ ಅಣ್ಣಯ್ಯ ಶೆಟ್ಟರು, "ನಮ್ ಮೇಲಿನ ಹಕ್ಲಂಗೆ ಹುಲ್ಲೂ ಸಮ ಬೆಳುದಿಲ್ಲ. ಬಚ್ಚನ್ ಕರ್ಕಂಡ್ ಬಂದ್ ಅಲ್ಲೇ ಇರ್" ಎಂದರು. ಬಚ್ಚ ಅಂದರೆ ಸೀತಕ್ಕನ ಗಂಡ. ಗಂಡ ಹೆಂಡತಿ ಗುಡ್ಡದ ಆ ಪಾಳು ಹಕ್ಕಲು ಜಾಗದಲ್ಲಿ ಮನೆ ಕಟ್ಟಿದರು. ಮರುವರ್ಷ ವೀಳ್ಯದೆಲೆ ಅಡಿಕೆ ಹಿಡಿದು ಶೆಟ್ಟರ ಅಂಗಳಕ್ಕೆ ಹೋಗಿ, ಕೇಳಿ, ಬಾವಿ ತೋಡಿದರು. ಬಚ್ಚಣ್ಣ ಪಿಕಾಸಿ ಹಿಡಿದು ಎರಡು ಬೇಸಿಗೆ ಬರೀ ಕೆಂಪುಕಲ್ಲನ್ನೇ ಕಡಿದರು.

ಆಮೇಲೆ ಅಣ್ಣಯ್ಯ ಶೆಟ್ಟರೂ ಹೋದರು, ಬಚ್ಚಣ್ಣನೂ ಹೋದರು. ಊರಲ್ಲಿ ಕೆಂಪುಕಲ್ಲಿಗೆ ಚಿನ್ನದ ಬೆಲೆ ಬಂತು. ಗುಡ್ಡ ಗುಡ್ಡಕ್ಕೂ ಕಲ್ಲು ಕೊಯ್ಯುವ ಮಿಷನ್ನು, ಕೆಂಪು ಧೂಳು. ಮುಂಬೈಯಲ್ಲಿ ಹೋಟೆಲ್ ನಡೆಸುವ ಶೆಟ್ಟರ ಮಗ ಶೈಲೇಶ್ ಕಲ್ಲುಕೋರೆಯವನೊಬ್ಬನನ್ನು ಕರೆತಂದ. ಅವನು ಬಾವಿಗೆ ಟಾರ್ಚು ಬಿಟ್ಟು ನೋಡಿದ. ಮೂವತ್ತು ಅಡಿ ಒಂದು ಗೆರೆ ಮಣ್ಣಿಲ್ಲದ ಕಲ್ಲು. ಅವರಿಗೆ ಸೀತಕ್ಕನೇ ಬೆಲ್ಲ, ನೀರು ಕೊಟ್ಟರು. ಮುಂದಿನ ತಿಂಗಳು ಮನೆ ಬಿಡಿಸುವ ದಾವೆ ಬಿತ್ತು.

ನಮಗಿದ್ದ ದಾರಿ ಒಂದೇ. ಯಾರ ಅಪ್ಪಣೆಯೂ ಇಲ್ಲದೆ, ಸ್ವಂತದ್ದೆಂದೇ ಇಷ್ಟು ವರ್ಷ ಅನುಭವಿಸಿದ್ದೇವೆ ಎನ್ನಬೇಕು. ಹಾಗೆ ಹನ್ನೆರಡು ವರ್ಷ ದಾಟಿದರೆ ಕಾನೂನಿನಲ್ಲಿ ಜಾಗ ಅನುಭವಿಸಿದವರದ್ದೇ. ಅಪ್ಪಣೆ ಕೇಳಿದ್ದೆ ಎಂದರೆ ಜಾಗ ಹೋಯಿತು. ನಾಲ್ಕು ಸಲ ಹೇಳಿಕೊಟ್ಟೆ. ಅವರು ನಾಲ್ಕು ಸಲವೂ ತಲೆಯಾಡಿಸಿದರು.

ಕೋರ್ಟಿನಲ್ಲಿ ಎದುರು ವಕೀಲರು ಕೇಳಿದರು, "ಬಾವಿ ತೋಡುವ ಮೊದಲು ಅಣ್ಣಯ್ಯ ಶೆಟ್ಟರನ್ನು ಕೇಳಿದ್ರಾ?"

ಕೇಳಿದ್ದಕ್ಕೆ ಸಾಕ್ಷಿಯಿಲ್ಲ, ಚೀಟಿಯಿಲ್ಲ. ಇಲ್ಲ ಎಂಬ ಎರಡಕ್ಷರ ಸಾಕಿತ್ತು.

"ಹೌದ್, ಎಲೆ ಅಡ್ಕಿ ಹಿಡ್ಕಂಡ್ ಹೋಯಿ ಕೇಂಡಿತ್. ಕೇಣ್ದೇ ತೋಡುಕೆ ನಾವ್ ಎಂತ ಕಳ್ರಾ?" ಎಂದರು ಸೀತಕ್ಕ.

ಕದ್ದೆ ಎಂದಿದ್ದರೆ ಜಾಗ ಉಳಿಯುತ್ತಿತ್ತು. ಮೆಟ್ಟಿಲ ಮೇಲೆ ನಾನು ಬೈದೆ. ಅವರು ಕೊನೆವರೆಗೂ ಕೇಳಿಸಿಕೊಂಡು, "ನಿಮ್ಗ್ ಬಸ್ಸಿಗೆ ಹೊತ್ತಾಯ್ತ್" ಎಂದರು. ಆಮೇಲೆ ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ತೀರ್ಪು ಬಂದು, ಮನೆ ಖಾಲಿ ಮಾಡುವ ದಿನ ನಾನೂ ಹೋಗಿದ್ದೆ. ಪಾತ್ರೆ, ಚಾಪೆ, ಮೀನಿನ ಬುಟ್ಟಿ ರಿಕ್ಷಾದಲ್ಲಿ ಹಿಡಿಸಿದವು. ಸೀತಕ್ಕ ತನ್ನ ತಂಗಿ ಜಲಜಳ ಮನೆಗೆ ಹೋಗುವುದೆಂದು ಮಾತಾಗಿತ್ತು. ಮಿಷನ್ನು ಆಗಲೇ ಅಂಗಳದ ಮೂಲೆಯಲ್ಲಿ ಬಂದು ನಿಂತಿತ್ತು. ಸೀತಕ್ಕ ಕೊಡಪಾನ ಹಿಡಿದು ಬಾವಿಕಟ್ಟೆಯವರೆಗೆ ನಡೆದವರು, ತಿರುಗಿ ಕೋರೆಯ ಮೇಸ್ತ್ರಿಯ ಹತ್ತಿರ ಬಂದರು.

"ಹ್ವಾಯ್, ಒಂದ್ ಕೊಡಪಾನ ನೀರ್ ತಕಣ್ಲಾ?"

ಮೇಸ್ತ್ರಿ ಮೊಬೈಲಿನಿಂದ ತಲೆಯೆತ್ತದೆ, "ತಕಣಿ" ಎಂದ.

ಆಮೇಲೆ ಅವರು ಹಗ್ಗ ಇಳಿಸಿದರು.