ಹಸಿರು ಸ್ವೆಟರಿನ ನೋರೀನ್

ಹನ್ನೊಂದು ವರ್ಷದಿಂದ ನೋರೀನ್ ಲೂಸಿಯ ಎದೆಯೇ ಕಾರ್ಕ್ ಊರಿನ ವೈದ್ಯ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ. ಅವಳು ಮಾರುಕಟ್ಟೆಯಲ್ಲಿ ಮೀನು ಕೊಯ್ದು ಬದುಕಿದ ಹೆಂಗಸು, ಓದು ತಲೆಗೆ ಹತ್ತಿದವಳಲ್ಲ. ಹೃದಯದ ಕವಾಟವೊಂದು ಸೋರಿ ಸದ್ದು ಮಾಡುತ್ತದೆ ಎಂಬ ಒಂದೇ ಕಾರಣಕ್ಕೆ ಪ್ರತಿ ಪರೀಕ್ಷೆಗೂ ಕರೆಸಿ, ಮಂಚದ ಮೇಲೆ ಕೂರಿಸಿ, ಚಹಾ, ಹ್ಯಾಮ್ ಸ್ಯಾಂಡ್‌ವಿಚ್ ಕೊಟ್ಟು ಉಪಚರಿಸುತ್ತಿದ್ದರು. ಊರಿನ ಅರ್ಧ ಡಾಕ್ಟರರನ್ನು ಪಾಸು ಮಾಡಿಸಿದವಳು ತಾನೇ ಎಂದು ಅವಳು ಜಂಬ ಕೊಚ್ಚುತ್ತಿದ್ದುದೇನೂ ಪೂರಾ ಸುಳ್ಳಲ್ಲ.

ಈ ಸಲ ಮಾತ್ರ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ತಿಂಗಳಿಂದ ಏರು ಹತ್ತಿದರೆ ಏದುಸಿರು. ಸಂಜೆಗೆ ಕಾಲು ಬಾತು ಬೂಟು ಹಿಡಿಸದು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕವಾಟ ಬದಲಿಸುತ್ತಾರೆ, ಸದ್ದು ಹೋಗುತ್ತದೆ, ಸದ್ದಿಲ್ಲದ ನೋರೀನಳನ್ನು ಆಮೇಲೆ ಯಾವ ಪುಣ್ಯಾತ್ಮ ಕರೆಯುತ್ತಾನೆ? ಪ್ರಾಣಕ್ಕಿಂತ ಸ್ಯಾಂಡ್‌ವಿಚ್ ದೊಡ್ಡದೇ ಎಂದು ನೀವು ಕೇಳಬಹುದು. ನಾಲ್ಕು ಜನಕ್ಕೆ ಬೇಕಾಗಿ ಬದುಕಿದವರನ್ನು ಕೇಳಿ ನೋಡಿ, ಗೊತ್ತಾಗುತ್ತದೆ. ಆದರೂ ಒಳಗೊಳಗೇ ಭಯ. ಯಾರಾದರೂ ತಾವಾಗೇ ಕಂಡುಹಿಡಿದರೆ ಸಾಕಪ್ಪ ಎಂದೂ ಅನ್ನಿಸುತ್ತಿತ್ತು. ರೋಗಿ ತಾನಾಗಿ ಬಾಯಿ ಬಿಡುವಂತಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಅದು ಪರೀಕ್ಷೆಯ ಕಟ್ಟಳೆ.

ಬೆಳಗಿನಿಂದ ಏಳು ಜನ ಬಂದು ಹೋದರು. ಮೊದಲನೆಯವನು ಹೊರಗೆ ಹೋಗಿ, ಸರದಿಗೆ ಕಾದಿದ್ದವರಿಗೆ, ಹಸಿರು ಸ್ವೆಟರ್ ಅಂದರೆ ಸೋರುವ ಕವಾಟ ಎಂದು ಪಿಸುಗುಟ್ಟಿದ್ದ. ಮಿಕ್ಕವರು ಸ್ಟೆತಸ್ಕೋಪು ಮುಟ್ಟಿಸುವ ಶಾಸ್ತ್ರ ಮುಗಿಸಿ ಗಿಣಿಪಾಠ ಒಪ್ಪಿಸಿದರು. ಪರೀಕ್ಷಕರು ತಲೆಯಾಡಿಸಿ ಅಂಕ ಬರೆದರು. ಒಬ್ಬರೂ ಅವಳ ಮುಖ ನೋಡಲಿಲ್ಲ. ನೋರೀನಳಿಗೆ ಸಿಟ್ಟು ನೆತ್ತಿಗೇರಿತು.

ಎಂಟನೆಯವಳು ಓರ್ಲಾ. ಎದೆಗೆ ಕಿವಿಗೊಟ್ಟವಳು ಕೊಟ್ಟ ಸಮಯದ ಅರ್ಧವನ್ನು ಅದರಲ್ಲೇ ಕಳೆದಳು. ಆಮೇಲೆ ಹೊದಿಕೆ ಸರಿಸಿ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು.

“ಮಿಸೆಸ್ ಲೂಸಿ, ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?”

ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷಕರು ಸಾಕು ಎಂದರು. ರೋಗದ ಹೆಸರನ್ನೇ ಹೇಳದ ಓರ್ಲಾಳಿಗೆ ಸೊನ್ನೆಯೇ ಗತಿ. ಆದರೂ ಹುಡುಗಿ ಕದಲದೆ ಉತ್ತರಕ್ಕೆ ಕಾದಳು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನೋರೀನಳಿಗೆ ಯಾರೂ ಕೇಳಿರಲಿಲ್ಲ.

“ನಾಲ್ಕು, ಮಗಳೇ,” ಅಂದಳು ನೋರೀನ್. “ಮೊನ್ನೆಯಿಂದ ಕುರ್ಚೀಲೇ ಕೂತಿರ್ತೀನಿ. ಮಲಗಿದ್ರೆ ಉಸಿರು ಕಟ್ಟುತ್ತೆ.” ಮತ್ತೆ ಪರೀಕ್ಷಕರ ಕಡೆ ತಿರುಗಿದಳು. “ಪರೀಕ್ಷೆಗೆ ಕರೆಸೋರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ ಡಾಕ್ಟರೇ. ಆದ್ರೆ ಇವಳನ್ನ ಪಾಸು ಮಾಡಿ.”

ಪರೀಕ್ಷಕರು ಪೆನ್ನು ಕೆಳಗಿಟ್ಟು ಎದ್ದು ಬಂದು, ಅವಳ ಕಾಲನ್ನು ತಾವೇ ಒತ್ತಿ ನೋಡಿದರು.