ಹೆಬ್ಬೆರಳಿನ ಗೆರೆ

ನನ್ನ ಚಿಕ್ಕಮ್ಮನಿಗೆ ಮುಖಗಳು ನೆನಪಿರುವುದಿಲ್ಲ. ಹೋದ ವರ್ಷ ಬಂದು ಹೋದವರು ಈ ವರ್ಷ ಎದುರು ನಿಂತು ನಕ್ಕರೆ ಕಕ್ಕಾಬಿಕ್ಕಿಯಾಗುತ್ತಾಳೆ. ಅವರು ಕೈ ಚಾಚಿದರೆ ಮಾತ್ರ, "ಓ, ನೀವಾ? ಕಿರುಬೆರಳು ಕಚ್ಚೋದು ಇನ್ನೂ ಬಿಟ್ಟಿಲ್ವಾ?" ಎಂದು ಎಲ್ಲರೆದುರು ಮಾನ ಕಳೆಯುತ್ತಾಳೆ. ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ರಜೆಗೆ ಬಂದವರ ಉಗುರು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಹೋಟೆಲಿನವರು ಅವಳಿಗೆ ಉಗುರಮ್ಮ ಎಂದು ಹೆಸರಿಟ್ಟಿದ್ದರು. ಅಲ್ಲೇ ಸ್ವಾಗತದ ಕೌಂಟರಿನಲ್ಲಿ ಕೂರುವ ನಾನೂ ಕೆಲಸದ ಹೊತ್ತಿನಲ್ಲಿ ಹಾಗೇ ಕರೆದು, ಮನೆಯಲ್ಲಿ ಚಿಕ್ಕಮ್ಮ ಎನ್ನುತ್ತಿದ್ದೆ.

ಈಜುಕೊಳದ ಪಕ್ಕ, ಟವೆಲ್ ಕೊಡುವ ಕಟ್ಟೆಯ ಹಿಂದೆ ಅವಳ ಕೋಣೆ. ಎರಡು ಕುರ್ಚಿ, ಒಂದು ಮೇಜು, ಕತ್ತು ಬಗ್ಗಿಸುವ ದೀಪ, ಗೋಡೆಗೆ ಬಣ್ಣದ ಸೀಸೆಗಳ ಸಾಲು. ಕಿಟಕಿ ತೆರೆದರೆ ಮೇಜಿನ ಮೇಲೆ ಮರಳು, ಮುಚ್ಚಿದರೆ ಬಣ್ಣ ತೆಗೆಯುವ ರಿಮೂವರಿನ ವಾಸನೆಗೆ ತಲೆನೋವು. ಅವಳು ಯಾವಾಗಲೂ ಅರ್ಧ ತೆರೆದು ಎರಡನ್ನೂ ಅನುಭವಿಸುತ್ತಿದ್ದಳು.

ರಜೆಗೆ ಬರುವವರಿಗೆ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುವ ಚಾಳಿ. ಬೆಳಿಗ್ಗೆ ಬಣ್ಣ ಹಚ್ಚಿಸಿಕೊಂಡು ಹೋದವರು ಮಧ್ಯಾಹ್ನ ಬಂಡೆಗೆ ಅಂಟಿದ ಚಿಪ್ಪನ್ನು ಅದೇ ಉಗುರಿನಿಂದ ಕೀಳಲು ಹೋಗಿ, ಮುರಿದುಕೊಂಡು, ಜಗಳಕ್ಕೆ ಬರುತ್ತಿದ್ದರು. ಚಿಕ್ಕಮ್ಮ ಮುಲಾಜಿಲ್ಲದೆ ಹೇಳುತ್ತಿದ್ದಳು: "ಉಗುರು ಇರೋದು ಬೆರಳು ಕಾಯೋಕೆ, ಬಂಡೆ ಕೀಳೋಕಲ್ಲ. ಸಮುದ್ರಕ್ಕೆ ಇಳಿಯೋ ಮುಂಚೆ ಚಿಕ್ಕದಾಗಿ ಕತ್ತರಿಸ್ಕೊಳ್ಳಿ. ಮೇಲೆ ಬಂದ ತಕ್ಷಣ ಸಿಹಿನೀರಲ್ಲಿ ಕೈ ತೊಳೀರಿ, ಉಪ್ಪು ಉಗುರನ್ನ ಒಣಗಿಸಿಬಿಡುತ್ತೆ. ಒಳಗೆ ಹೊಕ್ಕ ಮರಳನ್ನ ಪಿನ್ನಲ್ಲಿ ಕೆದಕ್ಬೇಡಿ, ಮೆತ್ತಗಿನ ಬ್ರಷ್ ಸಾಕು. ಮಲಗೋ ಮುಂಚೆ ಬುಡಕ್ಕೆ ಒಂದು ಹನಿ ಎಣ್ಣೆ. ಸನ್‌ಸ್ಕ್ರೀನ್ ಹಚ್ಚಿದ ಕೈನ ಒರೆಸ್ಕೊಳ್ಳಿ, ಇಲ್ಲಾಂದ್ರೆ ತಿಳಿಬಣ್ಣ ಹಳದಿ ಆಗುತ್ತೆ, ಆಮೇಲೆ ನನ್ನನ್ನ ಬಯ್ಬೇಡಿ." ಅವರು ತಲೆಯಾಡಿಸುತ್ತಿದ್ದರು, ಹೊರಗೆ ಹೋಗಿ ಚಿಪ್ಪು ಕೀಳುತ್ತಿದ್ದರು.

ಅವಳ ಅಕ್ಕ, ಅಂದರೆ ನನ್ನ ಅಮ್ಮ, ಅದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ನೆಲಮಾಳಿಗೆಯ ಆ ಹಬೆಯಲ್ಲಿ ಹಾಸಿಗೆಯ ಬಟ್ಟೆಗಳನ್ನು ಯಂತ್ರಕ್ಕೆ ತುಂಬುವುದು, ತೆಗೆಯುವುದು, ಮಡಿಸುವುದು. ಅಪ್ಪ ಇಲ್ಲದ ಮನೆಯಲ್ಲಿ ನಾವು ಮೂವರೇ ಹೆಂಗಸರು. ಚಿಕ್ಕಮ್ಮ ಮದುವೆಯಾಗಲಿಲ್ಲ. ಕೇಳಿದರೆ, "ಕೈ ಹಿಡಿಯೋ ಕೆಲಸ ದಿನಾ ಮಾಡ್ತೀನಲ್ಲ, ಇನ್ನೆಷ್ಟು ಹಿಡೀಲಿ?" ಎಂದು ನಗುತ್ತಿದ್ದಳು. ಭಾನುವಾರ ಅಮ್ಮನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಸೋಪಿನ ನೀರಿಗೆ ಬಿರಿದ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು.

ಅಂಥ ಒಂದು ಭಾನುವಾರವೇ ಅಮ್ಮನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಗೆರೆ ಕಂಡದ್ದು. ಬುಡದಿಂದ ತುದಿಯವರೆಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪಗೆ.

"ಯಂತ್ರದ ಬಾಗಿಲಿಗೆ ಸಿಕ್ಕಿತ್ತು ಕಣೇ," ಎಂದಳು ಅಮ್ಮ.

ಚಿಕ್ಕಮ್ಮ ದೀಪ ಹತ್ತಿರ ಎಳೆದುಕೊಂಡಳು. "ಪೆಟ್ಟಿನ ಕಪ್ಪಾದ್ರೆ ಉಗುರಿನ ಜೊತೆ ಬೆಳೆದು ತುದಿಗೆ ಹೋಗ್ಬೇಕು ಅಕ್ಕ. ಇದು ಬುಡದಿಂದಲೇ ಬರ್ತಾ ಇದೆ. ನಾಳೆ ಡಾಕ್ಟರ ಹತ್ರ ಹೋಗೋಣ."

ನನ್ನ ಮದುವೆಗೆ ಆಗ ಮೂರು ವಾರವಿತ್ತು. ಮದುವೆಯ ಫೋಟೊ ತೆಗೆಯುವವನು ತಾಯಿಯ ಕೈ, ಮಗಳ ಕೈ ಎರಡೇ ಕಾಣುವಂಥ ಒಂದು ಚಿತ್ರ ತೆಗೆಯುತ್ತೇನೆಂದು ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದ. ಡಾಕ್ಟರು ಆ ಬೆರಳಿಗೆ ಏನಾದರೂ ಮಾಡಿ ದೊಡ್ಡ ಪಟ್ಟಿ ಕಟ್ಟಿಬಿಟ್ಟರೆ? ನಾನು ಯೋಚಿಸಿದ್ದು ಅಷ್ಟೇ. ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ಅಷ್ಟೇ.

"ಈಗ ಬೇಡ ಚಿಕ್ಕಮ್ಮ, ಮದುವೆ ಮುಗೀಲಿ," ಎಂದೆ. "ಸದ್ಯಕ್ಕೆ ಮೇಲೆ ಬಣ್ಣ ಹಚ್ಚಿಬಿಡು. ಯಾರಿಗೂ ಕಾಣಲ್ಲ."

ಅವಳು ನನ್ನ ಮುಖ ನೋಡಿದಳು. ಅಮ್ಮ, "ಹಚ್ಚೇ, ಹುಡುಗಿ ಆಸೆ ಪಡ್ತಾಳೆ," ಎಂದಳು. ಬಣ್ಣದ ಸೀಸೆಯನ್ನು ಆರಿಸಿ ಕೊಟ್ಟವಳೂ ನಾನೇ. ಗಾಢವಾದ ಕೆಂಪು. ಚಿಕ್ಕಮ್ಮ ಎರಡು ಸಲ ಹಚ್ಚಿದಳು, ಗೆರೆ ಮುಚ್ಚಿಹೋಯಿತು.

ಫೋಟೊ ಚೆನ್ನಾಗಿ ಬಂತು. ನಾನು ಗಂಡನ ಜೊತೆ ಬೇರೆ ಊರಿಗೆ ಹೋದೆ. ಅಮ್ಮನಿಗೆ ಆ ಕೆಂಪು ಎಷ್ಟು ಹಿಡಿಸಿತೆಂದರೆ ಸೀಸೆಯನ್ನು ತಾನೇ ಇಟ್ಟುಕೊಂಡು, ಬಣ್ಣ ಚಕ್ಕೆ ಎದ್ದಲ್ಲೆಲ್ಲ ಮೇಲಿಂದ ಮೇಲೆ ಬಳಿದುಕೊಳ್ಳುತ್ತಿದ್ದಳು. ಚಿಕ್ಕಮ್ಮ ಡಾಕ್ಟರ ಮಾತು ಎತ್ತಿದಾಗಲೆಲ್ಲ ಅಮ್ಮ, "ಈ ಸೀಸನ್ ಮುಗೀಲಿ," ಎನ್ನುತ್ತಿದ್ದಳು. ಹೋಟೆಲು ತುಂಬಿದ್ದಾಗ ಬಟ್ಟೆಯವರಿಗೆ ರಜೆ ಎಲ್ಲಿಯದು? ಏಳು ತಿಂಗಳ ಮೇಲೆ ಉಗುರು ನಡುವೆ ಸೀಳಿ ರಕ್ತ ಬಂತು. ಉಗುರಿನ ಅಡಿಯಲ್ಲಿ ಕ್ಯಾನ್ಸರ್ ಆಗುತ್ತದೆಂದು ನಾವು ಮೊದಲ ಸಲ ಕೇಳಿದ್ದು ಆಗಲೇ. ಹೆಬ್ಬೆರಳು ತೆಗೆದರು. ಅಷ್ಟು ಹೊತ್ತಿಗೆ ರೋಗ ಕಂಕುಳಿಗೆ ಹರಡಿತ್ತು. ಮುಂದಿನ ವರ್ಷ ಅಮ್ಮ ಹೋದಳು.

ಮಾವ, ಅಂದರೆ ಇವರಿಬ್ಬರ ಅಣ್ಣ, ಮಣ್ಣು ಮಾಡಿ ಬಂದ ದಿನವೇ ಚಿಕ್ಕಮ್ಮನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ: "ಊರಿನವರ ಉಗುರೆಲ್ಲಾ ನೋಡ್ತೀಯ. ಒಡಹುಟ್ಟಿದವಳ ಉಗುರಿಗೆ ಬಣ್ಣ ಬಳಿದು ಕೂತಿದ್ಯಲ್ಲೇ, ಕಣ್ಣೇನು ಕುರುಡಾಗಿತ್ತಾ?"

ಚಿಕ್ಕಮ್ಮ ತಲೆ ತಗ್ಗಿಸಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ಅವಳು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೇನೋ ಎಂದು ಎಷ್ಟೋ ಸಲ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ.

ಆಮೇಲೆ ನನ್ನ ಗಂಡನಿಗೂ ನನಗೂ ಸರಿಹೋಗದೆ ನಾನು ಮನೆಗೆ ವಾಪಸು ಬಂದೆ. ಅದು ಬೇರೆ ಕಥೆ, ಇಲ್ಲಿ ಬೇಡ. ಚಿಕ್ಕಮ್ಮ ಬಾಗಿಲು ತೆರೆದು, "ಕೈ ತೊಳ್ಕೊಂಡು ಬಾ, ಊಟ ಮಾಡು," ಎಂದಳು. ಕೌಂಟರಿನ ಕೆಲಸ ಕೊಡಿಸಿದವಳೂ ಅವಳೇ.

ಅಷ್ಟರಲ್ಲಿ ಅವಳು ಕೆಲಸ ಮಾಡುವ ಕ್ರಮವೇ ಬದಲಾಗಿತ್ತು. ಯಾರೇ ಬರಲಿ, ಹಳೆಯ ಬಣ್ಣವನ್ನು ಪೂರ್ತಿ ತೆಗೆದು, ಇಪ್ಪತ್ತು ಉಗುರನ್ನೂ ದೀಪದ ಕೆಳಗೆ ಒಂದೊಂದಾಗಿ ನೋಡಿದ ಮೇಲೆಯೇ ಹೊಸ ಬಣ್ಣದ ಸೀಸೆ ತೆರೆಯುತ್ತಿದ್ದಳು. ಒಂದು ಕೈ ಹಿಡಿದರೆ ಬಿಡುತ್ತಿರಲಿಲ್ಲ. ಹೊರಗೆ ಬೆಂಚಿನಲ್ಲಿ ಕಾಯುವವರು ಗೊಣಗುತ್ತಿದ್ದರು. "ಬಣ್ಣ ಹಚ್ಚೋಕೆ ಕೂರಿಸಿದ್ದೀವೋ, ಪರೀಕ್ಷೆ ಮಾಡೋಕೋ?" ಎಂದು ಮ್ಯಾನೇಜರು ನನ್ನನ್ನೇ ಎಷ್ಟೋ ಸಲ ಕೇಳಿದ್ದರು.

ಹೋದ ತಿಂಗಳು ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಭುಜ, ಕೈಯಲ್ಲಿ ಹಣ್ಣಿನ ರಸದ ಲೋಟ. ಅವರ ಕಾಲಿನ ಹೆಬ್ಬೆರಳಿನಲ್ಲಿ ಕಪ್ಪು ಗೆರೆಯಿತ್ತು. ಚಿಕ್ಕಮ್ಮ ಬ್ರಷ್ಷನ್ನು ಸೀಸೆಗೆ ವಾಪಸು ಇಟ್ಟಳು.

"ಇದಕ್ಕೆ ಬಣ್ಣ ಹಚ್ಚಲ್ಲ. ಎಲ್ಲ ಗೆರೆನೂ ಕೆಟ್ಟದ್ದಲ್ಲ, ಸುಮ್ಮನೆ ಇರೋದೂ ಉಂಟು. ಆದ್ರೆ ಮೊದಲು ಡಾಕ್ಟರಿಗೆ ತೋರಿಸಿ."

"ನಾನು ರಜೆಗೆ ಬಂದಿದ್ದೀನಿ. ಹಚ್ಚಿ ಅಂದ್ರೆ ಹಚ್ಚಿ."

"ಇಲ್ಲ."

ಅವರು ಬರಿಗಾಲಲ್ಲೇ ನನ್ನ ಕೌಂಟರಿಗೆ ಬಂದು, ಚಿಕ್ಕಮ್ಮ ತಮಗೆ ಏನೋ ದೊಡ್ಡ ರೋಗ ಎಂದು ಹೆದರಿಸಿ ರಜೆಯನ್ನೆಲ್ಲ ಹಾಳು ಮಾಡಿದಳೆಂದು ದೊಡ್ಡ ರಾದ್ಧಾಂತ ಮಾಡಿದರು. ಮರುದಿನ ಬೆಳಿಗ್ಗೆ ಕೋಣೆ ಖಾಲಿ ಮಾಡಿ ಹೊರಟರು. ಡಾಕ್ಟರಿಗೆ ತೋರಿಸಿದರೋ ಇಲ್ಲವೋ ನಮಗೆ ಗೊತ್ತಾಗಲೇ ಇಲ್ಲ. ಅವರು ಕೊಟ್ಟ ದೂರು ಮಾತ್ರ ಮೇಲಿನವರಿಗೆ ತಲುಪಿತು. ಸಂಜೆಯೊಳಗೆ ಚಿಕ್ಕಮ್ಮ ಲಿಖಿತ ಹೇಳಿಕೆ ಕೊಡಬೇಕು, ಅದನ್ನು ನೋಡಿ ಅವಳನ್ನು ಆ ಕೋಣೆಯಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತೇವೆ ಎಂದರು ಮ್ಯಾನೇಜರು.

ಅವಳಿಗೆ ಟೈಪ್ ಮಾಡಲು ಬರುವುದಿಲ್ಲ. ಕೌಂಟರಿನ ಹಿಂದಿನ ಕೋಣೆಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತೆ, ಅವಳು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದಳು. ಬಂದವರ ಕೋಣೆ ಸಂಖ್ಯೆ, ಎಷ್ಟು ಗಂಟೆಗೆ, ಏನು ನೋಡಿದೆ, ಏನು ಹೇಳಿದೆ. ಆಮೇಲೆ ಹೇಳಿದಳು: "ನನ್ನ ಅಕ್ಕನ ಹೆಬ್ಬೆರಳಲ್ಲಿ ಇಂಥದೇ ಗೆರೆ ಇತ್ತು. ನೋಡಿಯೂ ನಾನೇ ಅದರ ಮೇಲೆ ಬಣ್ಣ ಹಚ್ಚಿದೆ. ನನ್ನ ತಪ್ಪಿನಿಂದ ಅವಳು ತೀರಿಕೊಂಡಳು. ಅದಕ್ಕೇ ಈಗ ಹಚ್ಚುವುದಿಲ್ಲ."

ನಾನು ಕೀಲಿಮಣೆಯಿಂದ ಕೈ ತೆಗೆದೆ.

"ಹಚ್ಚು ಅಂದದ್ದು ನಾನಲ್ವಾ ಚಿಕ್ಕಮ್ಮ?"

ಆರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನೀನು ಮದುವೆ ಹುಡುಗಿ, ನಿಂಗೇನು ಗೊತ್ತಿತ್ತು? ಗೊತ್ತಿದ್ದದ್ದು ನಂಗೆ. ಬ್ರಷ್ ಇದ್ದದ್ದೂ ನನ್ನ ಕೈಲೇ."

"ಆದ್ರೂ, ಹೀಗೆ ಬರೆದುಕೊಟ್ರೆ ಇದನ್ನೇ ಹಿಡ್ಕೊಂಡು ತೆಗೆದುಹಾಕ್ತಾರೆ."

"ಸುಳ್ಳು ಬರೀಲಾ? ನೀನು ಟೈಪ್ ಮಾಡು."

ನಾನು ಅವಳು ಹೇಳಿದ ಹಾಗೇ ಟೈಪ್ ಮಾಡಿದೆ. ನನ್ನದೆಂದು ಒಂದು ಸಾಲನ್ನೂ ಸೇರಿಸಲಿಲ್ಲ. ಅವಳು ಕನ್ನಡಕ ಹಾಕಿಕೊಂಡು ಓದಿ, ಕೆಳಗೆ ಸಹಿ ಹಾಕಿದಳು.

ಮ್ಯಾನೇಜರು ಕೆಟ್ಟವರಲ್ಲ. "ತಾನೇ ತಪ್ಪು ಮಾಡಿದ್ದೀನಿ ಅಂತ ಬರೆದುಕೊಟ್ಟ ಮೇಲೆ ನಾನೇನು ಮಾಡ್ಲಿ? ಮೇಲಿನವರು ಕೇಳ್ತಾರೆ," ಎಂದರು. ಚಿಕ್ಕಮ್ಮನನ್ನು ಮನೆಗೆ ಕಳಿಸಲಿಲ್ಲ, ಟವೆಲ್ ಕೊಡುವ ಕಟ್ಟೆಗೆ ಹಾಕಿದರು. ಉಗುರಿನ ಕೋಣೆಗೆ ಹೊಸಬಳು ಬಂದಳು. ಕೈ ಚುರುಕು, ಬೆಂಚಿನಲ್ಲಿ ಕಾಯುವವರೇ ಇಲ್ಲ. ಈಗ ಚಿಕ್ಕಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಮಡಿಸಿದ ಟವೆಲ್‌ಗಳನ್ನು ಒಂದೊಂದಾಗಿ ಕೊಡುತ್ತಾಳೆ. ತೆಗೆದುಕೊಳ್ಳಲು ಚಾಚಿದ ಕೈಯನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತಾಳೆ. ಜನ ಟವೆಲ್ ಎಳೆದುಕೊಂಡು ಹೋಗುತ್ತಾರೆ.

ಮೊನ್ನೆ ಭಾನುವಾರ ಮಾವ ಮನೆಗೆ ಊಟಕ್ಕೆ ಬಂದಿದ್ದ. ಕೆಲಸ ಯಾಕೆ ಬದಲಾಯಿತೆಂದು ಕೇಳಿದ್ದಕ್ಕೆ ಚಿಕ್ಕಮ್ಮನೇ ಎಲ್ಲವನ್ನೂ ಹೇಳಿದಳು, ಬರೆದುಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ಆಮೇಲೆ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಾವ ನೀರು ಕುಡಿದು ಬಾಯಿ ಒರೆಸಿಕೊಂಡ.

"ಅಂತೂ ಆರು ವರ್ಷದ ಮೇಲಾದ್ರೂ ಅವಳ ಬಾಯಿಂದಲೇ ಬಂತಲ್ಲ," ಎಂದ. "ನಿಮ್ಮಮ್ಮನ್ನ ಕಳ್ಕೊಂಡವಳು ನೀನು. ನಿಂಗೂ ಈಗ ಸಮಾಧಾನ ಆಗಿರ್ಬೇಕು. ಅಲ್ವೇನಮ್ಮ?"

ಅಡುಗೆಮನೆಯಲ್ಲಿ ಸುರಿಯುತ್ತಿದ್ದ ನಲ್ಲಿ ನಿಂತಿತು. ಮಾವ ನನ್ನನ್ನೇ ನೋಡುತ್ತಿದ್ದ.

"ಹೌದು ಮಾವ," ಎಂದೆ.