ಹಳದಿ ಬಟ್ಟೆ ಕಟ್ಟಿದ ಭರಣಿ

ಕೆಂಡದ ಮೇಲೆ ಚಿಟಿಕೆ ಇಂಗು ಬಿದ್ದರೆ ಸಾಕು, ನಾನು ಕೋಟೇಶ್ವರದ ಆ ಜಗಲಿಯಲ್ಲಿ ಹೋಗಿ ಕೂತಾಯಿತು. ಈಗ ಆ ಹೊಗೆ ಏಳುವುದು ನನ್ನದೇ ಶೆಡ್ಡಿನಲ್ಲಿ. ಬೈಂದೂರಿನಿಂದ ಬ್ರಹ್ಮಾವರದ ತನಕ ಹೋಟೆಲು, ಕ್ಯಾಂಟೀನು, ಹೋಮ್‌ಸ್ಟೇಗಳಿಗೆ ಉಪ್ಪಿನಕಾಯಿ, ಸಾರಿನ ಪುಡಿ, ತೆಂಗಿನೆಣ್ಣೆ ಕಳಿಸುವುದು ನನ್ನ ಕಸುಬು. ಸಾಮಾನು ಹೋಗುವುದು ಗಾಜಿನ ಜಾಡಿಯಲ್ಲಿ, ಸ್ಟೀಲಿನ ಕ್ಯಾನಿನಲ್ಲಿ. ಖಾಲಿಯಾದ ಮೇಲೆ ಅವು ತಿರುಗಿ ನನ್ನಲ್ಲಿಗೇ ಬರಬೇಕು. ಬಂದದ್ದನ್ನು ತೊಳೆದು, ಬಿಸಿಲಿಗಿಟ್ಟು, ಉಪ್ಪಿನಕಾಯಿ ಜಾಡಿಗಾದರೆ ಇಂಗಿನ ಹೊಗೆ ಹಿಡಿಸಿ, ಮತ್ತೆ ತುಂಬಿಸಿ ಕಳಿಸುತ್ತೇವೆ. ಮೊನ್ನೆ ಕುಂದಾಪುರದಲ್ಲಿ ವ್ಯಾಪಾರಸ್ಥರಿಗೆಂದು ಒಂದು ತರಬೇತಿ ಇತ್ತು. ಪರದೆಯ ಮೇಲೆ ಬಾಣದ ಗುರುತುಗಳು ಗಿರ್ರನೆ ಸುತ್ತುತ್ತಿದ್ದವು. ಪಾಠ ಮಾಡಿದ ಹುಡುಗ ಚುರುಕಿನವನು, ನಗುಮುಖದವನು. ಕಳಿಸಿದ್ದನ್ನು ಹೀಗೆ ಹಿಂದೆ ತರಿಸುವುದಕ್ಕೆ ರಿವರ್ಸ್ ಲಾಜಿಸ್ಟಿಕ್ಸ್ ಅನ್ನುತ್ತಾರೆ, ಹೋದ ಗಾಡಿ ಖಾಲಿ ಬರುವುದೇ ಇದರಲ್ಲಿ ದೊಡ್ಡ ನಷ್ಟ ಎಂದು ಚೆಂದ ಮಾಡಿ ತಿಳಿಸಿದ. ಹಿಂದಿನ ಸಾಲಿನಲ್ಲಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವನದ್ದೇನೂ ತಪ್ಪಿಲ್ಲ, ಪಾಪ. ಅದೇ ಮಾತನ್ನು ನಮ್ಮ ದೊಡ್ಡಮ್ಮ ಬಸ್ಸಿನ ಕಂಡಕ್ಟರನಿಗೆ ಬೈದು ಹೇಳುತ್ತಿದ್ದದ್ದು ನೆನಪಾಯಿತು, ಅಷ್ಟೆ.

ದೊಡ್ಡಮ್ಮನೆಂದರೆ ಗಿರಿಜಮ್ಮ, ಅಪ್ಪನ ಅಣ್ಣನ ಹೆಂಡತಿ. ಗದ್ದೆ, ತೆಂಗು ದೊಡ್ಡಪ್ಪ ಮತ್ತು ಅಪ್ಪನ ಪಾಲಿಗೆ. ಉಪ್ಪಿನಕಾಯಿ ದೊಡ್ಡಮ್ಮ ಮತ್ತು ಅಮ್ಮನ ಪಾಲಿಗೆ. ಮನೆ ಹೆದ್ದಾರಿಯ ಬದಿಗೇ ಇತ್ತು. ಜಗಲಿಯ ಉದ್ದಕ್ಕೂ ಭರಣಿಗಳ ಸಾಲು: ಮೇಲರ್ಧ ಕಂದು, ಕೆಳಗರ್ಧ ಮಾಸಲು ಬಿಳಿ, ಕುತ್ತಿಗೆಗೆ ಹುರಿ. ಮಾವಿನ ಮಿಡಿಯ ಕಾಲದಲ್ಲಿ ಆ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದು ಕಡೆ ಸೊನೆಯ ಘಾಟು, ಇನ್ನೊಂದು ಕಡೆ ಬಿಸಿಲಿಗೆ ಹಾಕಿದ ಸಾಸಿವೆ, ಒಣಮೆಣಸು. ಸೀನದೆ ಒಳಗೆ ಹೋದ ನೆಂಟರಿಲ್ಲ. ತುಂಬಿದ ಭರಣಿ ಬಸ್ಸಿನಲ್ಲಿ ಹೋಟೆಲಿಗೆ ಹೋಗುತ್ತಿತ್ತು, ಖಾಲಿಯಾದದ್ದು ಅದೇ ಬಸ್ಸಿನಲ್ಲಿ ಮರಳುತ್ತಿತ್ತು. ಕಂಡಕ್ಟರ್ ಸದಾನಂದಣ್ಣ ಅದನ್ನು ಡ್ರೈವರಿನ ಪಕ್ಕ ಗೋಣಿ ಹಾಸಿ ಕೂರಿಸಿ, ಎದುರಿನ ಸೀಟಿನವರಿಗೆ ಕಾಲು ಮಡಚಿ ಕೂರಲು ಹೇಳುತ್ತಿದ್ದ. ಜನರಿಗಿಂತ ಭರಣಿಗೆ ಮರ್ಯಾದೆ ಜಾಸ್ತಿ ಎಂದು ಯಾರಾದರೂ ಗೊಣಗಿದರೆ, ಭರಣಿ ಚಿಲ್ಲರೆ ಕೇಳುವುದಿಲ್ಲ ಎನ್ನುತ್ತಿದ್ದ.

ದೊಡ್ಡಮ್ಮನದು ಒಂದೇ ಕಟ್ಟುಪಾಡು. ನೆರೆಮನೆಯವರು ಪಾಯಸ ಕೊಟ್ಟ ಪಾತ್ರೆಯನ್ನು ಹಾಗೆಯೇ ಹಿಂದೆ ಕೊಡುವ ರೂಢಿ ನಮ್ಮ ಕಡೆ ಇಲ್ಲ. ನಾಲ್ಕು ಕರಿಬೇವಿನೆಲೆಯಾದರೂ, ತುಂಡು ಬೆಲ್ಲವಾದರೂ ಹಾಕಿ ಕೊಡುವುದು. ನಿಮ್ಮ ಮನೆಯಲ್ಲೂ ಇದ್ದೀತು. ಅದನ್ನು ಅವಳು ವ್ಯಾಪಾರಕ್ಕೂ ತಂದಿದ್ದಳು. "ಬರಿ ಭರಣಿ ಕಳ್ಸೂಕಾಗ. ಬರಿ ಕಳ್ಸಿದ್ರೆ, ಇನ್ನ್ ನಮ್ಗೆ ನಿಮ್ಗೆ ಸಂಬಂಧ ಇಲ್ಲೆ ಅಂದಾಂಗ್ ಆತ್ತ್." ಮೊದಮೊದಲು ಹೋಟೆಲಿನವರು ನಕ್ಕರು. ಆಮೇಲೆ ಅವರಿಗೂ ಅದು ಖಯಾಲಿಯಾಯಿತು. ತ್ರಾಸಿಯಿಂದ ಬಂದದ್ದರಲ್ಲಿ ಗೆಣಸು, ಬ್ರಹ್ಮಾವರದಿಂದ ಬಂದದ್ದರಲ್ಲಿ ಗುಳ್ಳಬದನೆ, ಒಮ್ಮೆ ಯಾವುದರಲ್ಲೋ ನನ್ನ ಅಳತೆಗೆ ಸರಿಯಾದ ಗಾಜಿನ ಬಳೆ. ಭರಣಿ ಇಳಿದೊಡನೆ ನನ್ನನ್ನು ಕರೆಯುತ್ತಿದ್ದಳು. ನಾನು ಕಣ್ಣು ಮುಚ್ಚಿ, ತೋಳಿನ ತನಕ ಕೈ ಇಳಿಸಿ, ಮುಟ್ಟಿ ಹೇಳಬೇಕು. "ಎಂತ ಇತ್ತ್, ಹೆಣೆ?" ಏನಿದೆ ಹುಡುಗಿ, ಎಂದು ಅವಳು ಸೊಂಟಕ್ಕೆ ಕೈ ಕೊಟ್ಟು ಕೇಳುವಾಗ, ಅವಳಿಗೇ ನನಗಿಂತ ಹೆಚ್ಚು ಕುತೂಹಲ. ಬಾಲ್ಯದ ಸುಖ ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಕತ್ತಲೆ ಭರಣಿಯ ತಂಪನ್ನೇ ಹೇಳುವುದು.

ಈ ಕಟ್ಟುಪಾಡೇ ಒಂದು ಸಲ ನಮ್ಮನ್ನು ಪೇಚಿಗೆ ಸಿಕ್ಕಿಸಿತು. ನಮ್ಮ ಉಪ್ಪಿನಕಾಯಿ ಹೆಚ್ಚಾಗಿ ಹೋಗುತ್ತಿದ್ದದ್ದು ಕಿರಿಮಂಜೇಶ್ವರದ ಭಟ್ರ ಹೋಟೆಲಿಗೆ. ಶುದ್ಧ ಸಸ್ಯಾಹಾರಿ, ಈರುಳ್ಳಿಯೂ ಇಲ್ಲ. ಮೀನು ತಿನ್ನುವವರ ಮನೆಯ ಉಪ್ಪಿನಕಾಯಿಯನ್ನು ಅವರು ತೆಗೆದುಕೊಳ್ಳುತ್ತಿದ್ದದ್ದು ದೊಡ್ಡಮ್ಮನ ಮೇಲಿನ ಭರವಸೆಯಿಂದ. ಉಪ್ಪಿನಕಾಯಿಯ ಕೋಣೆಗೆ ಮೀನಿನ ಪಾತ್ರೆ ಹೋಗಲಿ, ಮೀನು ಮುಟ್ಟಿದ ಕೈಯೂ ಹೋಗುವ ಹಾಗಿರಲಿಲ್ಲ. ಭಟ್ರು ಒಪ್ಪಿದ್ದಾರೆಂದೇ ಉಳಿದ ನಾಲ್ಕಾರು ಸಸ್ಯಾಹಾರಿ ಹೋಟೆಲಿನವರೂ ಒಪ್ಪಿದ್ದರು. ಹೀಗಿರುವಾಗ ಆ ವರ್ಷ ಬೈಂದೂರಿನಲ್ಲಿ ಶೀನಣ್ಣ ಎನ್ನುವವರು ಮೀನೂಟದ ಹೋಟೆಲು ತೆರೆದರು. ಒಮ್ಮೆಲೇ ತುಂಬ ಉಪ್ಪಿನಕಾಯಿ ಬೇಕೆಂದರು. ದೊಡ್ಡಮ್ಮ ತನ್ನ ತವರಿನಿಂದ ತಂದ ದೊಡ್ಡ ಭರಣಿಯನ್ನು ತುಂಬಿಸಿ ಕಳಿಸಿದಳು. ಶೀನಣ್ಣ ಒಳ್ಳೆಯ ಮನುಷ್ಯ. ಖಾಲಿ ಭರಣಿ ಕಳಿಸಬಾರದಂತೆ, ಎಂತ ಹಾಕುವುದು ಎಂದು ಸದಾನಂದಣ್ಣನನ್ನು ಕೇಳಿದರಂತೆ. ನಿಮ್ಮಲ್ಲಿ ಯಾವುದು ಒಳ್ಳೆಯದಿದೆಯೋ ಅದು ಎಂದ ಸದಾನಂದಣ್ಣ. ಮಳೆಗಾಲಕ್ಕೆ ಮುಂಚೆ ಬೈಂದೂರಿನಲ್ಲಿ ಒಳ್ಳೆಯದು ಯಾವುದು? ಒಣ ಸಿಗಡಿ. ಕಂಠಮಟ್ಟ ತುಂಬಿಸಿ, ಬಾಯಿ ಕಟ್ಟಿ ಕಳಿಸಿಬಿಟ್ಟರು.

ಭರಣಿ ಬಂದ ದಿನ ದೊಡ್ಡಮ್ಮ ಬ್ರಹ್ಮಾವರದ ತವರಿಗೆ ಹೋಗಿದ್ದಳು. ಅಮ್ಮ ನೋಡಿದವಳೇ ಹಿಗ್ಗಿದಳು. ಸಿಗಡಿಯನ್ನು ಡಬ್ಬಿಗೆ ಸುರಿದು, ಭರಣಿಯನ್ನು ಬೂದಿ, ಹುಣಿಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಇಂಗಿನ ಹೊಗೆ ಹಿಡಿಸಿ, ಸಾಲಿನಲ್ಲಿ ಇಟ್ಟಳು. ಅವಳ ಮಟ್ಟಿಗೆ ಕೆಲಸ ಮುಗಿದಿತ್ತು. ಅದು ಸಿಗಡಿ ತುಂಬಿ ಬಂದದ್ದೆಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ದೊಡ್ಡಮ್ಮ ಬಂದಳು, ಘಮ್ಮೆನ್ನುವ ದೊಡ್ಡ ಭರಣಿ ಕಂಡಳು. ಭಟ್ರ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಹೋಟೆಲಿನಲ್ಲೇ ಊಟ, ಊರೆಲ್ಲ ನೆಂಟರು. ಇದಕ್ಕೇ ಸರಿ ಎಂದು ಒಳ್ಳೆಯ ಮಿಡಿಯನ್ನೇ ಆರಿಸಿ ತುಂಬಿಸಿ ಕಳಿಸಿದಳು.

ನಿಶ್ಚಿತಾರ್ಥದ ಹಿಂದಿನ ದಿನ ಮಧ್ಯಾಹ್ನ ನಮ್ಮಲ್ಲಿ ಗಂಜಿಯೂಟ, ಜೊತೆಗೆ ಸಿಗಡಿ ಚಟ್ನಿ. ಕೆಂಡದಲ್ಲಿ ಸುಟ್ಟ ಮೆಣಸು, ಹಸಿ ತೆಂಗಿನಕಾಯಿ, ಹುರಿದ ಸಿಗಡಿ. ಇದನ್ನು ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತದೆ, ಏನು ಮಾಡಲಿ! ದೊಡ್ಡಮ್ಮ ಎರಡನೇ ಸಲ ಹಾಕಿಸಿಕೊಂಡು, ಎಲ್ಲಿಯ ಸಿಗಡಿ ಇದು, ಇಷ್ಟು ರುಚಿ ಎಂದು ಕೇಳಿದಳು. ಅಮ್ಮ ಖುಷಿಯಲ್ಲಿ, ದೊಡ್ಡ ಭರಣಿಯಲ್ಲಿ ಬಂದದ್ದು, ನಮ್ಮ ಶೀನಣ್ಣ ಕಳಿಸಿದ್ದು ಎಂದಳು. ದೊಡ್ಡಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು. ಅಮ್ಮನಿಗೆ ಆಗ ಅರ್ಥವಾಗಿ ಮುಖ ಬಿಳಿಚಿಕೊಂಡಿತು. ದೊಡ್ಡಪ್ಪನೇ ಸಮಾಧಾನದ ಮಾತು ಶುರುಮಾಡಿದರು.

"ತೊಳ್ದಾಯ್ತ್, ಹೊಗೆಯೂ ಹಾಕಾಯ್ತ್. ಯಾರಿಗ್ ಗೊತ್ತಾತ್ತ್, ಕಾಣ್."

"ನಂಗ್ ಗೊತ್ತಾಯ್ತಲ್ಲ. ಅಷ್ಟ್ ಸಾಲ್ದಾ?" ಎಂದಳು ದೊಡ್ಡಮ್ಮ.

ಹೇಳಿದರೆ ಭಟ್ರು ಹೋಗುತ್ತಾರೆ, ಭಟ್ರ ಹಿಂದೆ ಉಳಿದವರೂ ಹೋಗುತ್ತಾರೆ, ಆಮೇಲೆ ಜಗಲಿಯ ಭರಣಿಗಳಲ್ಲಿ ತುಳಸಿ ನೆಡಬೇಕಷ್ಟೆ ಎಂದರು ದೊಡ್ಡಪ್ಪ. ಅದು ಬರೀ ಹೆದರಿಸುವ ಮಾತಲ್ಲ, ಹಾಗೆ ಆಗುವುದೇ ಇತ್ತು. ದೊಡ್ಡಮ್ಮನಿಗೂ ಗೊತ್ತಿತ್ತು. ಅವಳು ಕೈ ತೊಳೆದು, ಸೀರೆ ಕೂಡ ಬದಲಿಸದೆ ರಸ್ತೆಗೆ ಇಳಿದಳು. ನನ್ನನ್ನು ಯಾಕೆ ಕರೆದುಕೊಂಡಳೋ, ಬಹುಶಃ ದೊಡ್ಡವರ ಜೊತೆ ಆ ಹೊತ್ತಿಗೆ ಅವಳಿಗೆ ಮಾತು ಬೇಕಿರಲಿಲ್ಲ. ಬಸ್ಸು ಕುಂದಾಪುರದ ಸೇತುವೆ ದಾಟಿತು, ಹೆಮ್ಮಾಡಿ ದಾಟಿತು. ತ್ರಾಸಿ ಕಳೆದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ಬೇರೆ ದಿನವಾದರೆ ಯಾವ ಬದಿ ನೋಡುವುದೆಂದು ನನಗೆ ತಿಳಿಯದಾಗ ನಗುತ್ತಿದ್ದವಳು ಆ ದಿನ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದಳು. ಭರಣಿಯ ಬಾಯಿ ಬಿಚ್ಚಿದ್ದಾರೋ ಇಲ್ಲವೋ, ಅದೊಂದೇ ಅವಳ ಚಿಂತೆ. ನನಗೆ ಭಯವಾಗಿ ಅವಳ ಸೆರಗು ಹಿಡಿದುಕೊಂಡೆ.

ಭಟ್ರ ಹೋಟೆಲಿನ ಹಿಂದೆ ಚಪ್ಪರ ಹಾಕಿದ್ದರು. ದೊಡ್ಡ ಭರಣಿ ಅಡುಗೆಮನೆಯ ಬಾಗಿಲಲ್ಲಿ ಕೂತಿತ್ತು, ಬಾಯಿಗೆ ನಾವು ಕಟ್ಟಿದ ಬಟ್ಟೆ ಹಾಗೆಯೇ ಇತ್ತು. ದೊಡ್ಡಮ್ಮನ ಉಸಿರು ಇಳಿದದ್ದು ನನಗೆ ಕೇಳಿಸಿತು. ನಿಶ್ಚಿತಾರ್ಥಕ್ಕೆ ಒಂದು ದಿನ ಮುಂಚೆಯೇ ಬಂದಿರಲ್ಲ ಎಂದು ನಗುತ್ತಾ ಬಂದ ಭಟ್ರನ್ನು ಬಾವಿಕಟ್ಟೆಯ ಹತ್ತಿರ ಕರೆದಳು.

"ಭಟ್ರೇ, ಆ ಭರಣಿ ಬಾಯಿ ಬಿಚ್ಚೂಕಾಗ. ಅದ್ರಗೆ ಮುಂಚೆ ಸಿಗ್ಡಿ ಇದ್ದಿತ್. ನಂಗೆ ಇವತ್ತೇ ಗೊತ್ತಾದ್ದ್."

ಭಟ್ರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಭಟ್ರು ಕೇಳಿದ್ದು ಒಂದೇ ಪ್ರಶ್ನೆ, ಇದೊಂದೇಯೋ, ಮುಂಚೆಯೂ ಹೀಗೆ ಆದದ್ದುಂಟೋ ಎಂದು. ಇದೊಂದೇ, ಉಳಿದವು ನಿಮ್ಮಲ್ಲಿಗೂ ನಿಮ್ಮಂಥವರಲ್ಲಿಗೂ ಹೋಗಿ ಬಂದವೇ ಎಂದಳು ದೊಡ್ಡಮ್ಮ. ಅವರು ತಲೆಯಾಡಿಸಿ ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ದೊಡ್ಡಮ್ಮ ನನ್ನ ಕೈ ಹಿಡಿದು, ಹೋಪ ಎಂದು ಹೊರಟೇಬಿಟ್ಟಳು. ಆಗ ಭಟ್ರು ಹಳೆಯದೊಂದು ಪಂಚೆಯನ್ನು ಹಿಡಿದು ಬಂದರು. ಮದುವೆ ಮುಂಜಿಗೆಂದು ಅರಸಿನದಲ್ಲಿ ಅದ್ದಿದ್ದ, ಮಾಸಿದ ಹಳದಿಯ ಪಂಚೆ. ಅದನ್ನು ಅಲ್ಲೇ ಚರ್ರೆಂದು ಹರಿದು ತುಂಡು ತುಂಡು ಮಾಡಿ ದೊಡ್ಡಮ್ಮನ ಕೈಯಲ್ಲಿಟ್ಟರು.

"ನಮ್ ಭರಣಿಗೆ ಇದನ್ನ್ ಕಟ್ಟಿ. ಹಳ್ದಿ ಕಟ್ಟಿದ್ದ್ ಇಲ್ಲಿಗೇ ಬರ್ಕ್, ಇಲ್ಲಿಂದ ನಿಮ್ಮಲ್ಲಿಗೇ ಹೋಯ್ಕ್. ಮಧ್ಯ ಬ್ಯಾರೆ ಎಲ್ಲಿಗೂ ಇಲ್ಲೆ. ನಾಳೆ ಬೆಳಿಗ್ಗೆ ಊಟಕ್ಕ್ ಮುಂಚೆ ಒಂದ್ ಭರಣಿ ಬಪ್ಪುದಲ್ದಾ?"

ದೊಡ್ಡಮ್ಮನಿಗೆ ಅಳು ಬಂತು. ನಾನು ಅವಳು ಅತ್ತದ್ದನ್ನು ಕಂಡದ್ದು ಅದೊಂದೇ ಸಲ. ಅಳುತ್ತಲೇ, ಬತ್ತ್, ಮೊದಲ ಬಸ್ಸಿಗೇ ಬತ್ತ್ ಎಂದಳು. ಹೊರಡುವಾಗ ಭಟ್ರ ಹೆಂಡತಿ ಅವಳ ಸೆರಗಿಗೆ ಬಾಳೆಹಣ್ಣಿನ ಚಿಪ್ಪು ಹಾಕಿದರು. ಭರಣಿ ತುಂಬಿಯೇ ಇದೆಯಲ್ಲ, ಇನ್ನೆಲ್ಲಿ ಹಾಕುವುದು ಎಂದರು. ತುಂಬಿದ ಭರಣಿ ಹಿಂದೆ ಬಂದದ್ದು ಕಂಡು ಸದಾನಂದಣ್ಣ ಕಕ್ಕಾಬಿಕ್ಕಿಯಾದ. ಆ ಮಳೆಗಾಲವಿಡೀ ನಾವು ಆ ಮಿಡಿಯನ್ನು ಚಪ್ಪರಿಸಿ ತಿಂದೆವು. ದೊಡ್ಡ ಭರಣಿ ಅಂದಿನಿಂದ ಶೀನಣ್ಣನ ಪಾಲಿಗೆ ಖಾಯಂ ಆಯಿತು. ಅವರಿಗೆ ಈ ರಾಮಾಯಣ ಯಾರೂ ಹೇಳಲಿಲ್ಲ. ಹೇಳಿದರೆ ನೊಂದುಕೊಂಡು ಸಿಗಡಿ ಕಳಿಸುವುದನ್ನು ನಿಲ್ಲಿಸಿಯಾರು ಎಂದು ದೊಡ್ಡಪ್ಪನೇ ಎಲ್ಲರ ಬಾಯಿಗೆ ಬೀಗ ಹಾಕಿದ್ದರು.

ಈಗ ನನ್ನ ಶೆಡ್ಡಿನಲ್ಲಿ ಹಳದಿ ಮುಚ್ಚಳದ ಜಾಡಿ ಬೇರೆ, ನೀಲಿ ಮುಚ್ಚಳದ್ದು ಬೇರೆ. ತೊಳೆಯುವ ತೊಟ್ಟಿಯೂ ಬೇರೆ. ತರಬೇತಿಯಲ್ಲಿ ಇದನ್ನು ಹೇಳಿದಾಗ, ಯಾರು ಕಲಿಸಿದ್ದೆಂದು ಆ ಹುಡುಗ ಕೇಳಿದ. ಕಿರಿಮಂಜೇಶ್ವರದ ಒಂದು ಪಂಚೆ ಎಂದೆ. ಅವನು ಇನ್ನೂ ಯೋಚಿಸುತ್ತಿರಬೇಕು, ಒಂದು ದಿನ ಕರೆದು ಊಟ ಹಾಕಿ ಕಥೆ ಹೇಳಬೇಕು.

ಆ ಮನೆ ಈಗಿಲ್ಲ. ರಸ್ತೆ ಅಗಲವಾಗುವಾಗ ಮೊದಲು ಜಗಲಿ ಹೋಯಿತು. ದೊಡ್ಡಮ್ಮ ಭರಣಿಗಳನ್ನು ಹಿತ್ತಿಲಿಗೆ ಸಾಗಿಸಿ, ಜಗಲಿ ಹೋದರೆ ಹೋಗಲಿ, ಬಸ್ಸು ಈಗ ಇನ್ನೂ ಹತ್ತಿರ ಬಂತು ಎಂದು ನಗಾಡಿದಳು. ಹೋಟೆಲುಗಳಿಗೆ ಪ್ಲಾಸ್ಟಿಕ್ ಪೊಟ್ಟಣದ ಉಪ್ಪಿನಕಾಯಿ ಬಂತು. ಅದಕ್ಕೆ ಹಿಂದೆ ಬರುವ ಹಂಗಿಲ್ಲ. ಭರಣಿಗಳ ಓಡಾಟ ಕಡಿಮೆಯಾಯಿತು, ಆದರೂ ನಿಲ್ಲಲಿಲ್ಲ. ಒಂದು ಬೇಸಗೆಯಲ್ಲಿ, ಮಿಡಿ ಬರುವ ಹೊತ್ತಿಗೆ ಸರಿಯಾಗಿ, ದೊಡ್ಡಮ್ಮ ತೀರಿಕೊಂಡಳು. ನಾನಾಗ ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಹೊರಗೆ ಉಳಿದಿದ್ದ ಭರಣಿಗಳು ಒಂದೊಂದಾಗಿ ಬರತೊಡಗಿದವು. ಯಾವುದೂ ಬರಿದಾಗಿ ಬರಲಿಲ್ಲ. ಶೀನಣ್ಣನ ದೊಡ್ಡ ಭರಣಿ ತಲೆ ತುಂಬ ಸಿಗಡಿ ಹೊತ್ತು ಬಂತು, ಅಮ್ಮ ಅದನ್ನು ನೋಡಿ ನಕ್ಕಳು, ಆಮೇಲೆ ಅತ್ತಳು. ಕಿರಿಮಂಜೇಶ್ವರದ್ದು ಮಾತ್ರ ಬರಲಿಲ್ಲ. ಭಟ್ರಿಗೆ ವಯಸ್ಸಾಗಿದೆ, ಮರೆತಿರಬೇಕು ಎಂದುಕೊಂಡೆವು.

ಉಳಿದ ಮನೆಯನ್ನೂ ರಸ್ತೆಗೆ ಬಿಟ್ಟು ಖಾಲಿ ಮಾಡುವ ವಾರ ಆ ಭರಣಿ ಬಂತು. ಸದಾನಂದಣ್ಣ ನಿವೃತ್ತನಾಗಿದ್ದ, ಹೊಸ ಕಂಡಕ್ಟರನಿಗೆ ಮನೆ ಗುರುತು ಸಿಗದೆ ರಸ್ತೆಬದಿಯಲ್ಲಿ ಇಳಿಸಿ ಹೋಗಿದ್ದ. ಬಾಯಿಗೆ ಮಾಸಿದ ಹಳದಿ ಬಟ್ಟೆ. ನಾನೇ ಹೊತ್ತು ತಂದೆ, ತುಂಬ ಭಾರವಿತ್ತು. ಹಿತ್ತಿಲಿನಲ್ಲಿ ಇಳಿಸಿ, ಗಂಟು ಬಿಚ್ಚಿ, ಯಾಕೋ ಕಣ್ಣು ಮುಚ್ಚಿ ಕೈ ಇಳಿಸಿದೆ. ಮೊಣಕೈ ತನಕ ಉಪ್ಪುನೀರು ಬಂತು. ಅದರೊಳಗೆ ಸುಕ್ಕುಗಟ್ಟಿದ ಸಣ್ಣ ಸಣ್ಣ ಕಾಯಿ, ತೊಟ್ಟೂ ಇತ್ತು. ಹಾಗೆಯೇ ತಿನ್ನಲು ಬರುವಂಥದ್ದಲ್ಲ. ಇನ್ನು ಅದಕ್ಕೆ ಸಾಸಿವೆ, ಮೆಣಸು ಅರೆದು ಕಲಸಿದರಷ್ಟೇ ಉಪ್ಪಿನಕಾಯಿ. ಯಾರಾದರೂ ಕಲಸಬೇಕು, ಕಲಸಿ ಹಳದಿ ಕಟ್ಟಿ ಹಿಂದೆ ಕಳಿಸಬೇಕು. ಎಂತ ಇತ್ತ್ ಎಂದು ಕೇಳುವವಳು ಇರಲಿಲ್ಲ. ನಾನು ಕಣ್ಣು ಬಿಡದೆಯೇ ಹೇಳಿದೆ.

"ಮಿಡಿ, ದೊಡ್ಡಮ್ಮ. ಉಪ್ಪಲ್ ಹಾಕಿ ಕಳ್ಸಿದ್ರ್."

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ, ಸಾಸಿವೆ ಬಿಸಿಲಿಗಿಟ್ಟೆ.